ನುಗ್ಗುವವನನ್ನು ತಡೆಯಲಿಲ್ಲ, ಪ್ಲ್ಯಾನನ್ನೇ ಅವನ ಹಿಂದೆ ಕಟ್ಟಿದೆವು

ಶೂಟಿಂಗ್ ಗೇಮ್ ಆಡುವ ಪ್ರತಿ ಟೀಮ್‌ನಲ್ಲೂ ಇಂಥವನೊಬ್ಬ ಇರ್ತಾನೆ. ಎಸೆದ ಸ್ಮೋಕ್ (ಹೊಗೆಗುಂಡು) ಇನ್ನೂ ಗಾಳಿಯಲ್ಲಿರುತ್ತದೆ, ಇವನು ಆಗಲೇ ಸೈಟ್ (ಬಾಂಬ್ ಇಡುವ ಜಾಗ) ಬಾಗಿಲಲ್ಲಿ ಸತ್ತು ಬಿದ್ದಿರುತ್ತಾನೆ. ನಮ್ಮ ಕೌಂಟರ್-ಸ್ಟ್ರೈಕ್ 2 ಟೀಮ್‌ನಲ್ಲಿ ಅವನಿಗೆ ನುಗ್ಗಣ್ಣ ಅಂತಲೇ ಹೆಸರು. ಅವನನ್ನು ಟೀಮಿಂದ ಬಿಟ್ಟುಬಿಡು ಅಂತ ಹೇಳದವರಿಲ್ಲ. ನಾನು ಬಿಡಲಿಲ್ಲ. ಈಗ ಮಿರಾಜ್ ಮ್ಯಾಪ್‌ನಲ್ಲಿ ನಮ್ಮ ಅಟ್ಯಾಕ್ ಶುರುವಾಗುವುದೇ ಅವನಿಂದ. ಆಗ ನಕ್ಕವರು ಈಗ ನಮ್ಮ ಡೆಮೊ (ಮ್ಯಾಚ್ ರೆಕಾರ್ಡಿಂಗ್) ಕೇಳುತ್ತಿದ್ದಾರೆ.

ಮೊದಲು ಗೇಮ್ ಒಳಗಿನ ದುಡ್ಡಿನ ವಿಷಯ. ನಮ್ಮನ್ನು ಮುಳುಗಿಸುತ್ತಿದ್ದದ್ದು ಅದೇ. ಎಕೆ ರೈಫಲ್ 2700 ಡಾಲರ್, ಹೆಲ್ಮೆಟ್ ಸಮೇತ ಕೆವ್ಲಾರ್ ಕವಚ 1000, ಒಂದು ಸ್ಮೋಕ್ 300, ಕಣ್ಣು ಕುಕ್ಕಿಸುವ ಎರಡು ಫ್ಲಾಶ್ 400. ಅಲ್ಲಿಗೆ 4400. ಇಷ್ಟನ್ನೂ ಹೊತ್ತುಕೊಂಡು ಅವನು ಮೊದಲ ಇಪ್ಪತ್ತು ಸೆಕೆಂಡಲ್ಲೇ ರ‍್ಯಾಂಪ್ ತುದಿಯಲ್ಲಿ ಬೀಳುತ್ತಿದ್ದ. ಮುಂದಿನ ರೌಂಡಿಗೆ "ಗುರು, ಒಂದು ಗನ್ ಹಾಕೋ" ಅಂತ ಶುರು. ತನ್ನ ದುಡ್ಡಲ್ಲಿ ಗನ್ ಕೊಂಡು ಹಾಕಿದವನು ಫ್ಲಾಶ್ ಇಲ್ಲದೆ ಆಡಬೇಕು. ಎರಡು ರೌಂಡ್ ಹೀಗಾದರೆ ಐದೂ ಜನ ಬರಿಗೈ.

ಆದರೆ ತಪ್ಪೆಲ್ಲ ಅವನದೇ ಅಂದ್ರೆ ನಾನು ಒಪ್ಪಲ್ಲ. ನಮ್ಮಲ್ಲಿ ಪ್ಲ್ಯಾನ್ ಮಾಡುವವನೂ ಒಬ್ಬನಿದ್ದಾನೆ. ರೌಂಡಿಗೆ ಇರುವುದು 1 ನಿಮಿಷ 55 ಸೆಕೆಂಡ್. ಅವನು ಮಿಡ್ ನೋಡು, ಪ್ಯಾಲೆಸ್ ಕೇಳಿಸಿಕೋ (ಎರಡೂ ಮ್ಯಾಪ್‌ನ ಜಾಗಗಳು) ಅಂತ ಮುಕ್ಕಾಲು ಟೈಮ್ ತಿಂದುಬಿಡುತ್ತಿದ್ದ. ಬಾಂಬ್ ಇಡದೆ ಟೈಮ್ ಮುಗಿದರೆ, ಬದುಕುಳಿದ ಅಟ್ಯಾಕರ್‌ಗೆ ಸೋತ ರೌಂಡಿಗೆ ಸಿಗುವ ದುಡ್ಡೂ ಬರಲ್ಲ, ಅಲ್ವಾ? ಸತ್ತವನಿಗೆ ಬರುತ್ತದೆ. ಹುಷಾರಿಗೂ ಬಿಲ್ ಇದೆ, ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ನುಗ್ಗಣ್ಣನನ್ನು ಸರಿಮಾಡಲು ಏನೇನೋ ಮಾಡಿ ನೋಡಿದೆವು. "ನಾನು ಹೇಳೋ ತನಕ ಕಾಯಿ" ಅಂದರೆ ಕಾಯುತ್ತಿದ್ದ, ಆದರೆ ಕಾದ ಮೇಲೆ ಅವನ ಕೈಯಿಂದ ಏನೂ ಆಗುತ್ತಿರಲಿಲ್ಲ. ಬಾಂಬ್ ಕೊಟ್ಟರೆ ಜವಾಬ್ದಾರಿ ಬರುತ್ತೆ ಅಂದುಕೊಂಡೆವು. ಬಾಂಬ್ ಎದುರಾಳಿಯ ಕಾಲಡಿಗೆ ಹೋಗಿ ಬಿತ್ತು. ಒಂದಿಷ್ಟು ದಿನ ಅವನನ್ನೇ ಕಾಲರ್ (ಏನು ಮಾಡಬೇಕು ಅಂತ ಹೇಳುವವನು) ಮಾಡಿದೆವು, ಐದೂ ಜನ ಒಟ್ಟಿಗೆ ಸತ್ತೆವು.

ಆಮೇಲೆ ಉಲ್ಟಾ ಯೋಚಿಸಿದೆ. ಅವನು ಓಡುವುದು ಗ್ಯಾರಂಟಿ. ಹಾಗಿದ್ರೆ ಅವನ ಓಟವೇ ಸಿಗ್ನಲ್ ಆಗಲಿ.

ಎ ಸೈಟ್‌ಗೆ ಹೋಗುವಾಗ ಮೂವರು ಸ್ಮೋಕ್ ಹಿಡಿದು ಗುರಿ ಕಟ್ಟಿ ನಿಂತಿರುತ್ತಾರೆ. ಒಬ್ಬ ಸಿ.ಟಿ.ಗೆ (ಡಿಫೆಂಡರ್‌ಗಳು ಬರುವ ದಾರಿ), ಒಬ್ಬ ಸ್ಟೇರ್ಸ್‌ಗೆ, ಒಬ್ಬ ಜಂಗಲ್‌ಗೆ. ಬಾಂಬ್ ಈ ಮೂವರಲ್ಲಿ ಒಬ್ಬನ ಹತ್ತಿರ. ನುಗ್ಗಣ್ಣ ಕಾಲು ಎತ್ತಿದ ತಕ್ಷಣ ಮೂರೂ ಸ್ಮೋಕ್ ಹೊರಡುತ್ತವೆ. ಅವನ ಹಿಂದೆಯೇ ಎಕೆ ಹಿಡಿದ ಎರಡನೆಯವನು. ಆ ಎರಡನೆಯವನು ನಮ್ಮ ಪ್ಲ್ಯಾನ್ ಮಾಡುವವನೇ. ಇಲ್ಲಿ ಜಗ್ಗಾಟ ಜಾಸ್ತಿ ಆಯ್ತು, ಅವನಿಗೆ ಹಿಂದೆ ನಿಂತು ನೋಡಿ ಅಭ್ಯಾಸ. ಆದರೆ ಟ್ರೇಡ್ ತೆಗೆಯಲು ಅವನಷ್ಟು ತಾಳ್ಮೆಯ ಕೈ ಬೇರೆ ಯಾರದ್ದೂ ಇಲ್ಲ. ನುಗ್ಗಣ್ಣ ಸತ್ತರೆ, ಕೊಂದವನು ಒಂದೆರಡು ಸೆಕೆಂಡಲ್ಲಿ ಸಾಯಲೇಬೇಕು. ನುಗ್ಗುವ ಆ ಹತ್ತು ಸೆಕೆಂಡ್ ಮೈಕ್‌ನಲ್ಲಿ ನುಗ್ಗಣ್ಣ ಬಿಟ್ಟು ಯಾರೂ ಮಾತಾಡುವಂತಿಲ್ಲ. "ಡಿಫಾಲ್ಟ್ ಒಬ್ಬ, ಸ್ಟೇರ್ಸ್ ಒಬ್ಬ." ಎದುರಾಳಿ ಎಲ್ಲಿದ್ದಾನೆ ಅಂತ ಗೊತ್ತಾಗಲು ಅಷ್ಟು ಸಾಕು.

ಅವನ ಕೈಗೆ ಎಕೆ ಕೊಡುವುದನ್ನೂ ನಿಲ್ಲಿಸಿದೆವು. ಬದಲಿಗೆ ಮ್ಯಾಕ್-10 ಅನ್ನೋ ಸಣ್ಣ ಗನ್, 1050 ಡಾಲರ್. ಓಡುತ್ತಾ ಹೊಡೆಯಬಹುದು. ಒಂದು ಕಿಲ್‌ಗೆ 600 ಬರುತ್ತದೆ, ಎಕೆಗೆ ಬರುವುದು 300. ಹೆಲ್ಮೆಟ್ ಸಮೇತ ಕೆವ್ಲಾರ್, ಎರಡು ಫ್ಲಾಶ್ ಸೇರಿ 2450. ರೌಂಡಿಗೆ ಸುಮಾರು ಎರಡು ಸಾವಿರ ಉಳಿಯಿತು. ಗನ್ ಬೇಡುತ್ತಿದ್ದವನು ಈಗ ನಮಗೆ ಎಕೆ ಹಾಕುತ್ತಾನೆ. ಎದುರಿನ ಎಡಬ್ಲ್ಯೂಪಿ (ಸ್ನೈಪರ್ ಗನ್) ಹಿಡಿದವನ ಕಣ್ಣು ಬೇರೆ ಕಡೆ ತಿರುಗಿಸಲು ನಾವು ಮಾಡುವ ಒಂದು ಕೆಲಸವಿದೆ, ಅದನ್ನು ಇಲ್ಲಿ ಬರೆಯಲ್ಲ. ಮ್ಯಾಚ್ ಇನ್ನೂ ಆಡಬೇಕಲ್ಲ.

ನುಗ್ಗುವವರ ಮಾತು ಬಂದಾಗ ಎಲ್ಲರೂ 2005ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ವಿಡಿಯೊ ತೆಗೆಯುತ್ತಾರೆ. ಗುಂಪು ಲೆಕ್ಕ ಹಾಕುತ್ತಾ ನಿಂತಿರುತ್ತದೆ, ಲೀರಾಯ್ ಜೆಂಕಿನ್ಸ್ ತನ್ನ ಹೆಸರು ಕೂಗಿ ಒಳಗೆ ಓಡುತ್ತಾನೆ, ಎಲ್ಲರೂ ಸಾಯುತ್ತಾರೆ. ಅದು ಬೇಕಂತಲೇ ಮಾಡಿದ ನಾಟಕ ಅಂತ ಈಗ ಎಲ್ಲರಿಗೂ ಗೊತ್ತು. ನನಗೆ ಇಷ್ಟವಾಗುವುದು ಆಮೇಲಿನ ಕಥೆ. ಗೇಮ್ ಮಾಡಿದವರು ಅವನನ್ನು ಬೈಯಲಿಲ್ಲ, ಅವನ ಹೆಸರಲ್ಲೇ ಒಂದು ಸಾಧನೆ ಇಟ್ಟರು. ಅದೇ ಜಾಗದ 50 ಮರಿ ಡ್ರ್ಯಾಗನ್‌ಗಳನ್ನು 15 ಸೆಕೆಂಡಲ್ಲಿ ಕೊಂದರೆ ಜೆಂಕಿನ್ಸ್ ಅನ್ನೋ ಬಿರುದು. ಅದಕ್ಕೆ ನುಗ್ಗಲೂಬೇಕು, ತಯಾರಿಯೂ ಬೇಕು.

ಈಗ ನಮ್ಮ ಲೆಕ್ಕ: ಮಿರಾಜ್ ಅಟ್ಯಾಕ್‌ನಲ್ಲಿ ಹತ್ತು ರೌಂಡಿಗೆ ಆರೇಳು ನಮ್ಮದು, ಮೊದಲು ಮೂರು ಬಂದರೆ ಹೆಚ್ಚು. ಅವನು ಸಾಯುವುದೇನೂ ಕಡಿಮೆಯಾಗಿಲ್ಲ, ಆದರೆ ಸುಮ್ನೆ ಸಾಯುವುದು ನಿಂತಿದೆ. ಇನ್‌ಫರ್ನೊ ಮ್ಯಾಪ್‌ನ ಬನಾನಾ ದಾರಿಯಲ್ಲೂ ಇದು ಚೆನ್ನಾಗಿ ಕೂತಿದೆ. ನ್ಯೂಕ್ ಮ್ಯಾಪ್‌ನ ಔಟ್‌ಸೈಡ್‌ನಲ್ಲಿ ಕೂರಲಿಲ್ಲ, ಅಷ್ಟು ದೂರಕ್ಕೆ ಮ್ಯಾಕ್-10 ಮುಟ್ಟಲ್ಲ. ಅಲ್ಲಿ ಗ್ಯಾಲಿಲ್ ರೈಫಲ್ ಕೊಟ್ಟು ನೋಡುತ್ತಿದ್ದೇವೆ, 1800 ಡಾಲರ್. ಡಿಫೆನ್ಸ್‌ನಲ್ಲಿ ಅವನನ್ನು ಎಲ್ಲಿ ನಿಲ್ಲಿಸಬೇಕು ಅನ್ನೋದು ಇನ್ನೂ ಬಗೆಹರಿದಿಲ್ಲ.