ಲೂಜ್ ಸ್ಲೆಡ್ ಬಿಟ್ಟು ಪರದೇಶದ ಕೋಚ್ ಆಗುವವರಿಗೆ

ಲೂಜ್ ಅಂದರೆ ಸ್ಲೆಡ್ ಮೇಲೆ ಅಂಗಾತ ಮಲಗಿ, ಕಾಲು ಮುಂದಾಗಿ ಮಂಜುಗಡ್ಡೆಯ ಟ್ರ್ಯಾಕಿನಲ್ಲಿ ಜಾರುವ ಆಟ. ಅದರ ಕೋಚ್ ಆಗಲು ಬೇರೆ ದೇಶದ ತಂಡದಿಂದ ಕರೆ ಬಂದರೆ ಸಂಬಳದ ಮಾತನ್ನು ಆಮೇಲೆ ಆಡಿ. ಅವರಿಗೆ ಸ್ವಂತ ಟ್ರ್ಯಾಕ್ ಇದೆಯೇ, ಇಲ್ಲದಿದ್ದರೆ ಜರ್ಮನಿಯ ಆಲ್ಟೆನ್‌ಬರ್ಗ್, ಆಸ್ಟ್ರಿಯಾದ ಇಗ್ಲ್ಸ್, ಲಾಟ್ವಿಯಾದ ಸಿಗುಲ್ಡಾ ಟ್ರ್ಯಾಕ್‌ಗಳಲ್ಲಿ ಎಷ್ಟು ವಾರದ ಅಭ್ಯಾಸಕ್ಕೆ ದುಡ್ಡು ತೆಗೆದಿಟ್ಟಿದ್ದಾರೆ ಎಂದು ಮೊದಲು ವಿಚಾರಿಸಿ. ಮಂಜುಗಡ್ಡೆಯೇ ಸಿಗದ ತಂಡಕ್ಕೆ ಕೋಚ್ ಏನು ಮಾಡಿಯಾನು?

ತವರು ತಂಡದವರು ಮುಖ ತಿರುಗಿಸಬಹುದು, ಅದಕ್ಕೆ ಅಳುಕಬೇಡಿ. ಮೂರು ಬಾರಿ ಒಲಿಂಪಿಕ್ ಚಿನ್ನ ಗೆದ್ದ ಜರ್ಮನಿಯ ಗಿಯಾರ್ಗ್ ಹಾಕ್ಲ್ ಅವರೇ 2022ರಲ್ಲಿ ಆಸ್ಟ್ರಿಯಾ ತಂಡ ಸೇರಿದರು. ಆದರೆ ಸ್ಲೆಡ್‌ನ ಉಕ್ಕಿನ ಪಟ್ಟಿಗಳನ್ನು ಉಜ್ಜಿ ಹದಗೊಳಿಸುವ ಗುಟ್ಟಿನ ವಿಷಯದಲ್ಲಿ ನನ್ನ ನಿಲುವು ಖಡಾಖಂಡಿತ: ಕೈಗೆ ಒಗ್ಗಿದ ವಿದ್ಯೆ ನಿಮ್ಮದು, ಹಳೆಯ ಕಾರ್ಯಾಗಾರದ ಟಿಪ್ಪಣಿ ಪುಸ್ತಕ ಅವರದು. ಅದನ್ನು ಅಲ್ಲೇ ಬಿಟ್ಟು ಬನ್ನಿ.

ಹೊಸ ತಂಡಕ್ಕೆ ಹೋದ ಕೂಡಲೇ ಯಾರ ಲೈನನ್ನೂ, ಅಂದರೆ ಟ್ರ್ಯಾಕಿನಲ್ಲಿ ಅವರು ಹಿಡಿಯುವ ದಾರಿಯನ್ನು, ತಿದ್ದಲು ಹೋಗಬೇಡಿ. ಒಂದೇ ತಿರುವಿನ ಪಕ್ಕದಲ್ಲಿ ಅಭ್ಯಾಸ ಮುಗಿಯುವವರೆಗೂ ನಿಂತು ನೋಡಿ. ಗಂಟೆಗೆ 120 ಕಿ.ಮೀ. ದಾಟಿದ ವೇಗದಲ್ಲಿ ಬರುವ ಸ್ಪರ್ಧಿಯನ್ನು ಅಡಿಯಿಂದ ಮುಡಿಯವರೆಗೆ ನೋಡಲಾಗುವುದಿಲ್ಲ. ಒಂದು ಸರದಿಯಲ್ಲಿ ಭುಜ, ಮುಂದಿನದರಲ್ಲಿ ಕಾಲು, ಹೀಗೆ ಆರಿಸಿಕೊಳ್ಳಿ. ಎಡಕ್ಕೆ ತಿರುಗಬೇಕಾದರೆ ಬಲಗಾಲಿನ ಮೀನಖಂಡ ಸ್ಲೆಡ್‌ನ ಬಲ ಓಟಪಟ್ಟಿಯನ್ನು (ಅಡಿಯಲ್ಲಿ ಉಕ್ಕಿನ ಪಟ್ಟಿ ಕೂಡಿಸಿದ, ಮುಂದೆ ಬಾಗಿದ ಜಾರುಕಾಲು) ಒಳಕ್ಕೆ ಒತ್ತಬೇಕು, ಎಡ ಭುಜ ಕೆಳಗೆ ಅದುಮಬೇಕು. ಕಾಲು ಒತ್ತಿ ಭುಜ ಸುಮ್ಮನಿದ್ದರೆ ಎಲ್ಲೋ ಭಯವಿದೆ ಎಂದೇ ನಾನು ತಿಳಿಯುತ್ತೇನೆ. ಕಿವಿಯನ್ನೂ ತೆರೆದಿಡಿ. ಉಕ್ಕು ಕರಕರ ಕೆರೆದ ಸದ್ದು ಬಂದರೆ ಸ್ಲೆಡ್ ಅಡ್ಡಕ್ಕೆ ಜಾರಿದೆ, ವೇಗ ಸೋರಿದೆ.

ಆಮೇಲೆ ವಿಡಿಯೋ ತೋರಿಸುವ ಆತುರ ಬೇಡ. "ಆ ತಿರುವಿನಿಂದ ಹೊರಬರುವಾಗ ಒತ್ತಡ ಎಲ್ಲಿ ಬಿತ್ತು?" ಎಂದು ಕೇಳಿ. ಅವರ ಉತ್ತರಕ್ಕೂ ವಿಡಿಯೋಗೂ ತಾಳೆಯಾಗದಿದ್ದರೆ ನಿಮ್ಮ ಕೆಲಸ ಅಲ್ಲಿಂದ ಶುರು. ನೀವು ಗೆದ್ದ ಲೈನು ನಿಮ್ಮ ಎತ್ತರಕ್ಕೆ, ನಿಮ್ಮ ತೂಕಕ್ಕೆ ಹೊಂದಿದ್ದು. ಅದನ್ನೇ ಹಗುರ ಮೈಯ ಹುಡುಗಿಯ ಮೇಲೆ ಹೇರುವ ಮಾಜಿ ಚಾಂಪಿಯನ್ನರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಸ್ಪರ್ಧೆಯ ದಿನ ಒಂದೇ ಸೂಚನೆ ಕೊಡಿ, ಎರಡು ಬೇಡ. ಉಕ್ಕಿನ ತಾಪಮಾನದ ತಪಾಸಣೆಗೆ ಬೇಗ ಹೋಗಿ, ಉಕ್ಕು ಮಿತಿಗಿಂತ ಬೆಚ್ಚಗಿದ್ದರೆ ಅನರ್ಹತೆ ಖಚಿತ. ಹಳೆಯ ತಂಡದ ಗೆಳೆಯ ಗೆದ್ದರೆ ಧಾರಾಳವಾಗಿ ಕೈಕುಲುಕಿ, ಆದರೆ ನಿಮ್ಮ ಸ್ಪರ್ಧಿಯೂ ಸ್ಲೆಡ್ಡೂ ತೂಕದ ಪರೀಕ್ಷೆ ಮುಗಿಸಿ ಹೊರಬಂದ ಮೇಲೆ.