ಸಪ್ಲಿಮೆಂಟ್ ಡಬ್ಬಿ ಕಮ್ಮಿ ಮಾಡಿದೆ, ತೂಕ ಎತ್ತೋದು ಜಾಸ್ತಿ ಆಯ್ತು: ನನ್ನ ಅನುಭವ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಾನು ಜಿಮ್ ಟ್ರೈನರ್. ಬರುವವರಲ್ಲಿ ಅರ್ಧಕ್ಕರ್ಧ ನಮ್ಮ ಕನ್ನಡದವರೇ. ಹೋಟೆಲ್ ಕ್ಯಾಶಿಯರ್‌ಗಳು, ಬ್ಯಾಂಕಿನವರು, ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿದು ಕತ್ತಲಾದ ಮೇಲೆ ಮನೆ ಸೇರುವವರು. ಮೊದಲು ರಕ್ತ ಪರೀಕ್ಷೆ, ಆಮೇಲೆ ಪುಡಿ-ಮಾತ್ರೆಗಳ ಸಪ್ಲಿಮೆಂಟ್ ಡಬ್ಬಿ ಅಂತ ನಾನು ಶುರು ಮಾಡಿದಾಗ ಉಳಿದ ಟ್ರೈನರ್‌ಗಳು ಒಪ್ಪಲಿಲ್ಲ. ಹೀಗೆ ಮಾಡಿದರೆ ಬಾಡಿನೂ ಬರಲ್ಲ, ಕಮಿಷನ್ನೂ ಬರಲ್ಲ ಅಂದರು. ಈಗ ಅವರ ಮೆಂಬರ್‌ಗಳೇ ರಿಪೋರ್ಟ್ ಹಿಡಿದು ನನ್ನ ಹತ್ತಿರ ಬರುತ್ತಾರೆ.

ಡಬ್ಬಿಗಳನ್ನೆಲ್ಲ ನನ್ನ ಮೇಲೇ ಹಾಕಿ ನೋಡಿದ್ದೇನೆ. ತಿಂಗಳಿಗೆ ಏಳೆಂಟು ಸಾವಿರ ಹೋಗುತ್ತಿತ್ತು. ತೂಕ ಏರಿಸುವ ಪುಡಿ ಮಾಸ್ ಗೇನರ್‌ನಲ್ಲಿ ಹೆಚ್ಚಿನ ಪಾಲು ಮಾಲ್ಟೊಡೆಕ್ಸ್‌ಟ್ರಿನ್, ಅಂದರೆ ಪಿಷ್ಟದಿಂದ ಮಾಡಿದ ಕಾರ್ಬೋಹೈಡ್ರೇಟ್, ಹೊಟ್ಟೆ ಬಂತು ಅಷ್ಟೇ. ಫ್ಯಾಟ್ ಬರ್ನರ್ ಅಂದರೆ ಮುಖ್ಯವಾಗಿ ಕೆಫೀನ್, ನಿದ್ದೆ ಹೋಯ್ತು, ಕೊಬ್ಬು ಹೋಗಲಿಲ್ಲ. ಪ್ರೋಟೀನಿನಲ್ಲೇ ಇರುವ ಮೂರು ಅಮೈನೋ ಆಮ್ಲಗಳ ಪುಡಿ ಬಿಸಿಎಎ ಅಂತೂ ಹೊಟ್ಟೆ ತುಂಬ ಪ್ರೋಟೀನ್ ತಿನ್ನುವವರಿಗೆ ಸುಮ್ನೆ ದುಡ್ಡು ದಂಡ.

ತಿರುವು ಸಿಕ್ಕಿದ್ದು ಮಾಟುಂಗಾದ ಒಬ್ಬ ಕ್ಯಾಶಿಯರ್ ಅಣ್ಣನಿಂದ. ಶುದ್ಧ ಸಸ್ಯಾಹಾರಿ, ಬಿಸಿಲು ಕಂಡವರಲ್ಲ, ಶುಗರ್‌ಗೆ ಮೆಟ್‌ಫಾರ್ಮಿನ್ ಬೇರೆ. ಆ ಮಾತ್ರೆಯನ್ನು ವರ್ಷಗಟ್ಟಲೆ ತಗೊಂಡರೆ ವಿಟಮಿನ್ ಬಿ12 ಇಳಿಯಬಹುದು, ಗೊತ್ತಲ್ವಾ? "ಕಾಲು ಜುಮ್ಮೆನ್ನುತ್ತೆ ಮಾರಾಯ, ಯಾವುದಾದರೂ ಪ್ರೀ-ವರ್ಕೌಟ್ ಹೇಳು" ಅಂದರು, ಅಂದರೆ ವ್ಯಾಯಾಮಕ್ಕೆ ಮೊದಲು ಹುರುಪಿಗೆ ಕುಡಿಯುವ ಪುಡಿ. ನಾನು ಲ್ಯಾಬಿಗೆ ಕಳಿಸಿದೆ. ಬಿ12 ಸುಮಾರು 130, ವಿಟಮಿನ್ ಡಿ 10ರ ಒಳಗೆ, ಎರಡೂ ಕಮ್ಮಿ. ಡಾಕ್ಟರ್ ಬಿ12 ಇಂಜೆಕ್ಷನ್ ಕೊಟ್ಟು ಆಮೇಲೆ ಮಾತ್ರೆ ಬರೆದರು, ಜೊತೆಗೆ ವಿಟಮಿನ್ ಡಿಗೆ ಕೊಡುವ ಡಿ3 60,000 ಯೂನಿಟ್ ವಾರಕ್ಕೊಂದರಂತೆ 8 ವಾರ. ನಾನು ಹೇಳಿದ್ದು ಒಂದೇ, ಡಿ3 ಖಾಲಿ ಹೊಟ್ಟೆಗೆ ಬೇಡ, ತುಪ್ಪ ಎಣ್ಣೆ ಇರುವ ಊಟದ ಜೊತೆ ತಗೊಳ್ಳಿ. ಮೂರ್ನಾಲ್ಕು ತಿಂಗಳಲ್ಲಿ ಅವರ ಸ್ಕ್ವಾಟ್, ಅಂದರೆ ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವುದು, 40 ಕೆಜಿಯಿಂದ ಹತ್ತಿರಹತ್ತಿರ 70ಕ್ಕೆ ಹೋಯ್ತು!

ಇದನ್ನು ನೋಡಿ ಎಲ್ಲರೂ ಡಿ3 ಕೇಳತೊಡಗಿದರು. ಕೊರತೆ ಇಲ್ಲದವರಿಗೆ ನಾನು ಬೇಡ ಅಂತೀನಿ. ಅಮೆರಿಕದಲ್ಲಿ ವೈಟಲ್ ಅನ್ನೋ ದೊಡ್ಡ ಪ್ರಯೋಗ ಮಾಡಿದರು, ಸುಮಾರು 26,000 ಜನ. ಅರ್ಧ ಜನಕ್ಕೆ ದಿನಾ 2,000 ಯೂನಿಟ್ ಡಿ3 ಕೊಟ್ಟು ಐದು ವರ್ಷದಷ್ಟು ಕಾಲ ನೋಡಿದರು. 2018ರಲ್ಲಿ ಫಲಿತಾಂಶ ಬಂತು, ಕ್ಯಾನ್ಸರ್ ಬರುವುದಾಗಲಿ ಹಾರ್ಟ್ ಅಟ್ಯಾಕ್ ಆಗಲಿ ಕಮ್ಮಿ ಆಗಲಿಲ್ಲ.

ಕೊರತೆ ಇಲ್ಲದಿದ್ದರೂ ನಾನು ಕೊಡಿಸುವುದು ಸ್ನಾಯುಗಳಿಗೆ ಶಕ್ತಿ ಒದಗಿಸಲು ನೆರವಾಗುವ ಕ್ರಿಯೇಟಿನ್ ಮೊನೊಹೈಡ್ರೇಟ್ ಪುಡಿ ಮಾತ್ರ, ದಿನಕ್ಕೆ 3ರಿಂದ 5 ಗ್ರಾಂ. ಲೋಡಿಂಗ್, ಅಂದರೆ ಮೊದಲ ಕೆಲವು ದಿನ ಜಾಸ್ತಿ ಡೋಸ್ ಕೊಟ್ಟು ಸ್ನಾಯು ಬೇಗ ತುಂಬಿಸುವುದು, ಮಾಡಿಸಲ್ಲ, ಒಂದು ತಿಂಗಳು ತಡೆದರೆ ಅಲ್ಲಿಗೇ ಮುಟ್ಟುತ್ತೆ. ತಣ್ಣೀರಿನಲ್ಲಿ ಮರಳು ಮರಳಾಗಿ ತಳದಲ್ಲಿ ಕೂರುತ್ತಲ್ವಾ, ಬಿಸಿ ಕಟಿಂಗ್ ಚಾಯ್‌ಗೆ (ಅರ್ಧ ಗ್ಲಾಸ್ ಚಹಾ) ಹಾಕಿ ನೋಡಿದೆ. ಪೂರ್ತಿ ಕರಗಿತು, ರುಚಿನೂ ಕೆಡಲಿಲ್ಲ. ಕಲಸಿ ಇಡಬೇಡಿ, ಆಗಲೇ ಕುಡಿದುಬಿಡಿ. ಆದರೆ ಐರನ್ ಮಾತ್ರೆ ತಗೊಳ್ಳುವವರು ಆ ಹೊತ್ತಿಗೆ ಚಹಾ ಮುಟ್ಟಬೇಡಿ, ಐರನ್ ಸರಿಯಾಗಿ ಮೈಗೆ ಹತ್ತಲ್ಲ. ಇನ್ನೊಂದು ಮಾತು. ಕ್ರಿಯೇಟಿನ್ ತಗೊಳ್ಳುವವರ ರಿಪೋರ್ಟಿನಲ್ಲಿ ಕಿಡ್ನಿ ಹೇಗಿದೆ ಅಂತ ನೋಡುವ ಕ್ರಿಯೇಟಿನಿನ್ ಸ್ವಲ್ಪ ಏರಬಹುದು. ಒಬ್ಬ ಹುಡುಗನಿಗೆ 1.4 ಬಂದು ಅವನ ಅಮ್ಮ ಅತ್ತೇ ಬಿಟ್ಟರು. ಡಾಕ್ಟರ್ ಸಿಸ್ಟಾಟಿನ್ ಸಿ ಅನ್ನೋ ಇನ್ನೊಂದು ಕಿಡ್ನಿ ಪರೀಕ್ಷೆ ಮಾಡಿಸಿದರು, ಕಿಡ್ನಿ ಸರಿಯಾಗಿತ್ತು. ಕಿಡ್ನಿ ತೊಂದರೆ ಮೊದಲೇ ಇರುವವರಿಗೆ ನಾನು ಕೊಡಿಸಲ್ಲ.

ಪ್ರೋಟೀನಿಗೆ ಸೋಯಾ ಚಂಕ್ಸ್, ಒಣಗಿದ್ದು 100 ಗ್ರಾಂಗೆ 52 ಗ್ರಾಂ ಸಿಗುತ್ತೆ. ಅದರ ವಾಸನೆ ಹೋಗೋಕೆ ಏನು ಹಾಕ್ತೀನಿ ಅನ್ನೋದು ನನ್ನ ಮೆಂಬರ್‌ಗಳಿಗೆ ಮಾತ್ರ ಹೇಳೋದು.

ಕೋರ್ಸ್ ಮುಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಲೇಬೇಕು. ಡಿ ಮೈಯಲ್ಲಿ ಉಳಿಯುತ್ತೆ, ವಾರದ ಡೋಸನ್ನು ಕೇಳದೆ ಮುಂದುವರಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು. ಕ್ಯಾಶಿಯರ್ ಅಣ್ಣನಿಗೆ ಡಾಕ್ಟರ್ ವಾರದ್ದನ್ನು ನಿಲ್ಲಿಸಿದರು, ಬಿ12 ಮಾತ್ರೆ ಮುಂದುವರಿದಿದೆ. ಅದೂ ಕ್ರಿಯೇಟಿನ್ನೂ ಸೇರಿ ಈಗ ಅವರಿಗೆ ತಿಂಗಳಿಗೆ ಆರೇಳು ನೂರು ರೂಪಾಯಿ ಆಗುತ್ತೆ.