ತಾನಿಲ್ಲದ ಟೀಮಿಗೆ ಓಕೆ ಅಂದವನು

ತುಮಕೂರಿನ ಕ್ಯಾತ್ಸಂದ್ರದಲ್ಲಿ ಭಾನುವಾರ ತಟ್ಟೆ ಇಡ್ಲಿ ಮುಗಿಸಿ ನಾವು ಐದು ಜನ ಆಡುವುದು ‘ರೆಸಿಸ್ಟೆನ್ಸ್’. 2009ರಲ್ಲಿ ಡಾನ್ ಎಸ್ಕ್ರಿಜ್ ಮಾಡಿದ ಆಟ. ಡಬ್ಬಿ ಕೊಂಡಿಲ್ಲ, ಇಸ್ಪೀಟ್ ಎಲೆಯಲ್ಲೇ ನಡೆಯುತ್ತದೆ. ಇದೇ ಥರದ ಮಾಫಿಯಾ ಅನ್ನೋ ಆಟದಲ್ಲಿ ಔಟಾದವರು ಸುಮ್ನೆ ಕೂರಬೇಕು. ಇದರಲ್ಲಿ ಆ ಗೋಳಿಲ್ಲ.

ಐವರಲ್ಲಿ ಇಬ್ಬರು ಸ್ಪೈಗಳು. ಅವರಿಗೆ ಒಬ್ಬರಿಗೊಬ್ಬರು ಗೊತ್ತು, ನಮಗೆ ಗೊತ್ತಿಲ್ಲ. ಲೀಡರ್ ಟೀಮು ಆರಿಸುತ್ತಾನೆ, ಎಲ್ಲರೂ ಬಹಿರಂಗವಾಗಿ ವೋಟು ಹಾಕುತ್ತಾರೆ. ಟೀಮು ಪಾಸಾದರೆ ಅದರಲ್ಲಿರುವವರು ಗುಟ್ಟಾಗಿ ಎಲೆ ಕೊಡುತ್ತಾರೆ: ಒಳ್ಳೆಯವರು ಕೆಂಪನ್ನೇ, ಸ್ಪೈ ಬೇಕಾದರೆ ಕಪ್ಪು. ಒಂದು ಕಪ್ಪು ಎಲೆ ಬಿದ್ದರೂ ಮಿಷನ್ ಫೇಲು. ಮೂರು ಮಿಷನ್ ಯಾರದ್ದೋ ಅವರೇ ಗೆದ್ದಂತೆ.

ಹೊಸಬರು ಮುಖ ನೋಡುತ್ತಾರೆ. ಬೆವರಿದನಾ, ನಕ್ಕನಾ ಅಂತ. ನಾನು ವೋಟು ಬರೆದಿಡುತ್ತೇನೆ. ಲೆಕ್ಕ ಸರಳ: ನಾನು ಒಳ್ಳೆಯವನಾದರೆ ಉಳಿದ ನಾಲ್ವರಲ್ಲಿ ಇಬ್ಬರು ಸ್ಪೈ. ನಾನಿಲ್ಲದ ಮೂವರ ಟೀಮಲ್ಲಿ ಒಬ್ಬನಾದರೂ ಸ್ಪೈ ಇದ್ದೇ ಇರುತ್ತಾನೆ. ಹಾಗಿದ್ದರೆ ತಾನಿಲ್ಲದ ಟೀಮಿಗೆ ಒಳ್ಳೆಯವನು ಯಾಕೆ ಓಕೆ ಅನ್ನಬೇಕು? ಸತತ ಐದನೇ ಟೀಮೂ ವೋಟಿನಲ್ಲಿ ಬಿದ್ದುಹೋದರೆ ಸ್ಪೈಗಳೇ ಗೆಲ್ಲುತ್ತಾರೆ, ಆಗ ಮಾತ್ರ ಒಪ್ಪಲೇಬೇಕು.

ಒಂದು ಆಟ ಹೇಳುತ್ತೇನೆ. ಮೊದಲನೇ ಮಿಷನ್ನಿಗೆ ನಮ್ಮ ಮೇಷ್ಟ್ರು, ಬ್ಯಾಂಕಿನ ಗೆಳೆಯ ಹೋದರು. ಎರಡೂ ಕೆಂಪು. ಎರಡನೆಯದಕ್ಕೆ ಮೊಬೈಲ್ ಅಂಗಡಿಯವನು ಅವರಿಬ್ಬರ ಜೊತೆ ತನ್ನನ್ನೇ ಸೇರಿಸಿಕೊಂಡ. ಹೊರಗಿದ್ದದ್ದು ನಾನು, ಪಕ್ಕದ ಮನೆ ಹುಡುಗ. ನಾನು ಬೇಡ ಅಂದೆ, ಹುಡುಗ ಹೆಬ್ಬೆರಳು ಎತ್ತಿದ.

“ನೀನೇ ಇಲ್ವಲ್ಲೋ, ಯಾಕೆ ಒಪ್ಪಿದೆ?”

“ಸುಮ್ನೆ ಅಣ್ಣ, ಮೊದಲನೇದು ಗೆದ್ರಲ್ವಾ.”

“ಹೊಸ ಹುಡುಗ, ಬಿಡ್ರೀ,” ಅಂದ ಬ್ಯಾಂಕಿನವನು. ಅದನ್ನೂ ಬರೆದುಕೊಂಡೆ. ಎಲೆ ಮಗುಚಿದರೆ ಒಂದು ಕಪ್ಪು.

ಮೂರನೆಯದಕ್ಕೆ ನಾನೇ ಲೀಡರ್. ಇಬ್ಬರೇ ಸಾಕು. ಜೊತೆಗೆ ಮೇಷ್ಟ್ರನ್ನು ಕರೆದೆ. ಕಪ್ಪು ಬಿದ್ದರೆ ಅವರೇ ಸ್ಪೈ ಅಂತ ನನಗೆ ಖಾತ್ರಿ ಆಗುತ್ತಿತ್ತು. ಎರಡೂ ಕೆಂಪೇ ಬಂತು. ಕೆಂಪು ಬಂದ ಮಾತ್ರಕ್ಕೆ ಒಳ್ಳೆಯವರು ಅಂತೇನಿಲ್ಲ, ಜಾಣ ಸ್ಪೈ ಮೊದಮೊದಲು ಕೆಂಪೇ ಕೊಡುತ್ತಾನೆ. ಆದರೆ ಇನ್ನೊಂದು ಗೆದ್ದರೆ ನಾವು ಗೆಲ್ಲುತ್ತಿದ್ದೆವು. ಆ ಹೊತ್ತಲ್ಲಿ ಸುಮ್ಮನಿರಲು ಸ್ಪೈಗೆ ಭಾರೀ ಧೈರ್ಯ ಬೇಕು.

ಮುಂದಿನ ಲೀಡರ್ ಹುಡುಗ, ಆಮೇಲೆ ಬ್ಯಾಂಕಿನವನು. ಅವರಿಬ್ಬರೂ ಆರಿಸಿದ ಟೀಮುಗಳನ್ನು ನಾವು ಉಳಿದ ಮೂವರು ವೋಟಿನಲ್ಲಿ ಬೀಳಿಸಿದೆವು. ಮೇಷ್ಟ್ರ ಸರದಿ ಬಂದಾಗ ತಮ್ಮ ಜೊತೆ ನನ್ನನ್ನೂ ಅಂಗಡಿಯವನನ್ನೂ ಆರಿಸಿದರು. ಮೂರೂ ಕೆಂಪು, ನಾವು ಗೆದ್ದೆವು. ಹುಡುಗ, ಬ್ಯಾಂಕಿನವನೇ ಸ್ಪೈಗಳು.

“ನನ್ನ ಎಲೆ ನೋಡಿದ್ರಾ ಅಣ್ಣ?” ಅಂತ ಹುಡುಗ ಜಗಳಕ್ಕೇ ಬಂದ. ಚೀಟಿ ತೋರಿಸಿದೆ.

ಏಳು ಜನ ಸೇರಿದರೆ ಸ್ಪೈಗಳು ಮೂವರು. ಆಗ ಈ ಲೆಕ್ಕ ನಾಲ್ವರ ಟೀಮಿಗೆ ಮಾತ್ರ ಕೂರುತ್ತದೆ. ಅದರಲ್ಲೂ ನಾಲ್ಕನೇ ಮಿಷನ್ ಕೆಡಿಸಲು ಎರಡು ಕಪ್ಪು ಬೇಕು, ಅದನ್ನು ಬೇರೆಯಾಗಿಯೇ ಬರೆದಿಟ್ಟುಕೊಳ್ಳಿ.